ಫುಟ್‌ಬೋರ್ಡ್ ಹಪ್ಪಳ ಆಗಿದೆ: ಪುಟ್ಟಿ ಸಾಕಾ, ಕೊಯ್ದು ವೆಲ್ಡಿಂಗ್ ಮಾಡಿಸ್ಬೇಕಾ?

ಮರವಂತೆ_ಗಾಳಿ | ಏಪ್ರಿಲ್ 26

ನಮಸ್ಕಾರ. ನಮ್ಮದು 2011ರ ಆಲ್ಟೊ, ಅಪ್ಪ ತೆಗೆದ ಕಾರು. ಓಡಿದ್ದು 68 ಸಾವಿರ ಕಿ.ಮೀ. ಮಾತ್ರ, ಎಂಜಿನ್ ಈಗಲೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಏಳ್ತದೆ. ಮನೆ ಮರವಂತೆ ಹತ್ರ, ಹೆದ್ದಾರಿ ಬದಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಮಳೆಗಾಲದಲ್ಲಿ ಕಾರಿನ ಗಾಜಿಗೆ ಬೆರಳು ಉಜ್ಜಿ ನಾಲಿಗೆಗೆ ಮುಟ್ಟಿಸಿದ್ರೆ ಉಪ್ಪುಪ್ಪು.

ಎರಡು ವರ್ಷದ ಹಿಂದೆ ಡ್ರೈವರ್ ಬಾಗಿಲ ಕೆಳಗೆ ಫುಟ್‌ಬೋರ್ಡಿನಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು, ಹೆಸರುಕಾಳಿನಷ್ಟು. ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೊಟ್ಟೆ. ಉಜ್ಜಿ, ಪುಟ್ಟಿ ಹಾಕಿ, ಪೇಂಟ್ ಹೊಡೆದು 4,500 ತಗೊಂಡ್ರು. ಹೊಸತರ ಹಾಗೆ ಇತ್ತು, ನಾನೂ ಮರೆತೆ. ಕಳೆದ ಭಾನುವಾರ ತೊಳೆಯುವಾಗ ಅದೇ ಜಾಗಕ್ಕೆ ಹೆಬ್ಬೆರಳು ಒತ್ತಿದ್ರೆ ಹಪ್ಪಳ ಮುರಿದ ಹಾಗೆ ಕರಕ್ ಅಂತ ಒಳಗೆ ಹೋಯ್ತು. ಒಳಗಿಂದ ಪುಟ್ಟಿ ಚೂರು, ಕೆಂಪು ಪುಡಿ, ಒದ್ದೆ ಮಣ್ಣು, ಮತ್ತೆ ಒಂದು ಮುಷ್ಟಿ ಗಾಳಿಮರದ ಎಲೆ. ಅದು ಒಳಗೆ ಹೇಗೆ ಹೋಯ್ತೋ ದೇವರಿಗೇ ಗೊತ್ತು.

ಈಗ ಹಳೆ ಗ್ಯಾರೇಜಿನವರು ಪುನಃ ಪುಟ್ಟಿ, 3,000 ಅಂತಾರೆ. ಇನ್ನೊಬ್ರು ಎರಡೂ ಬದಿ ಕೊಯ್ದು ಹೊಸ ತಗಡು, 14,000 ಅಂತಾರೆ. ಮಾವ ಮಾರಿಬಿಡು ಅಂತಾರೆ. ಸೆಪ್ಟೆಂಬರಿಗೆ 15 ವರ್ಷ ತುಂಬ್ತದೆ, ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಿಸ್ಬೇಕು. ಎಂತ ಮಾಡುದು?

ಬಳ್ಳಾರಿ_ಬಿಸಿಲು | ಏಪ್ರಿಲ್ 26

ನಮ್ಮದು 2004ರ ಮಾರುತಿ 800 ಐತ್ರಿ. ಬಯಲಾಗ ನಿಂತು ನಿಂತು ಪೇಂಟ್ ಬೆಳ್ಳಗ ಬಿಳಿಚೇತಿ, ಡ್ಯಾಶ್‌ಬೋರ್ಡ್ ಬಿರಕ ಬಿಟ್ಟೈತಿ. ತುಕ್ಕು ಮಾತ್ರ ಇಲ್ಲ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡೂ ಮಂದಿ ಕೆಎ 19, ಕೆಎ 20 (ಮಂಗಳೂರು, ಉಡುಪಿ) ಪ್ಲೇಟ್ ಕಂಡ್ರ ಬಾನೆಟ್ ತಗಿಯಾಕ ಮೊದ್ಲ ಕೆಳಗ ಮಲಕೊಂಡು ಟಾರ್ಚ್ ಹಾಕ್ತಾರ. ಮಾವ ಹೇಳಿದ್ದು ಖರೆ, ಮಾರಿಬಿಡ್ರಿ.

ಮರವಂತೆ_ಗಾಳಿ | ಏಪ್ರಿಲ್ 26

ನೀವೇ ಹೇಳಿದ್ರಲ್ಲ ಕೆಳಗೆ ಮಲಗಿ ನೋಡ್ತಾರೆ ಅಂತ, ಮತ್ತೆ ಯಾರಿಗೆ ಮಾರುದು ಮಾರಾಯ್ರೆ?

ಟಿಂಕರಿಂಗ್_28ವರ್ಷ | ಏಪ್ರಿಲ್ 27

ಉಡುಪಿಯಲ್ಲಿ 28 ವರ್ಷದಿಂದ ಟಿಂಕರಿಂಗ್, ಅಂದ್ರೆ ಗಾಡಿಯ ತಗಡು ಕೆಲಸ ಮಾಡ್ತಾ ಇದ್ದೇನೆ. ಬೇಜಾರು ಮಾಡ್ಬೇಡಿ, ನಿಮಗೆ ಗುಳ್ಳೆ ಕಾಣುವ ಹೊತ್ತಿಗೆ ತಗಡನ್ನು ಒಳಗಿಂದ ತುಕ್ಕು ತಿಂದು ಆಗಿರ್ತದೆ. ಫುಟ್‌ಬೋರ್ಡ್ ಅಂದ್ರೆ ಒಂದು ಉದ್ದದ ಡಬ್ಬ. ಬಾಗಿಲಿನಿಂದ, ವೈಪರ್ ಕೆಳಗಿನ ಜಾಲರಿಯಿಂದ ನೀರು ಇಳಿದು ಅಲ್ಲಿಗೆ ಬರ್ತದೆ. ಹೊರಗೆ ಹೋಗ್ಲಿಕ್ಕೆ ಅಡಿಯಲ್ಲಿ ಕಂಪನಿಯವರೇ ಸಣ್ಣ ತೂತು ಇಟ್ಟಿರ್ತಾರೆ. ನಿಮ್ಮ ಗಾಳಿಮರದ ಎಲೆ ಆ ತೂತು ಮುಚ್ಚಿದೆ, ನೀರು ಒಳಗೇ ಕೂತಿದೆ. ಎಷ್ಟೋ ಕಾರಿನಲ್ಲಿ ಅಂಡರ್‌ಕೋಟಿಂಗ್ ಹೊಡೆದವರೇ ಕಪ್ಪು ಡಾಂಬರಿನಂಥದ್ದನ್ನು ತೂತಿನ ಮೇಲೂ ಬಳಿದು ಮುಚ್ಚಿದ್ದನ್ನು ನೋಡಿದ್ದೇನೆ. ದುಡ್ಡು ಕೊಟ್ಟು ತುಕ್ಕು ತರಿಸಿಕೊಂಡ ಹಾಗೆ.

ಪುಟ್ಟಿಗೆ ತುಕ್ಕು ನಿಲ್ಲಿಸುವ ಶಕ್ತಿ ಇಲ್ಲ. ಅದು ಗುಂಡಿ ಸಮ ಮಾಡುವ ವಸ್ತು, ಮೇಲಾಗಿ ನೀರು ಕುಡಿತದೆ. ಒಳ್ಳೆ ತಗಡಿನ ಮೇಲೆ ತೆಳ್ಳಗೆ ಎಳೆದ್ರೆ ಸರಿ, ತೂತಿನ ಮೇಲೆ ಹಾಕಿದ್ರೆ ಬಿಸ್ಕತ್ತು. ಒಂದು ಅಯಸ್ಕಾಂತ ತೆಳು ಬಟ್ಟೆಯಲ್ಲಿ ಸುತ್ತಿ ಫುಟ್‌ಬೋರ್ಡ್ ಉದ್ದಕ್ಕೆ ಎಳೀರಿ. ಹಿಡಿಯದ ಕಡೆ ಪುಟ್ಟಿ ದಪ್ಪ ಉಂಟು ಅಂತ ಅರ್ಥ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡೀರಿ. ಟಣ್ ಅಂದ್ರೆ ಜೀವ ಉಂಟು, ದಬ್ ಅಂದ್ರೆ ಹೋಗಿದೆ.

ಮುಖ್ಯ ವಿಷಯ ಜಾಕ್ ಪಾಯಿಂಟ್, ಅಂದ್ರೆ ಕಾರು ಎತ್ತುವಾಗ ಜಾಕ್ ಇಡುವ ಜಾಗ. ನಿಮ್ಮ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಫುಟ್‌ಬೋರ್ಡ್ ಹೋದ್ರೆ ಚಂದ ಹೋದ ಹಾಗಲ್ಲ, ಬೆನ್ನೆಲುಬು ಹೋದ ಹಾಗೆ. ಜಾಕ್ ಇಟ್ಟಾಗ ತಗಡು ಒಳಗೆ ಹೋದ್ರೆ ಅದರ ಕೆಳಗೆ ಕೈ ಕೂಡ ಹಾಕ್ಬೇಡಿ.

ಹಾಗಾಗಿ 14,000ದ ಕೆಲಸವೇ ಸರಿ, ಆದ್ರೆ ಹೇಗೆ ಮಾಡ್ತಾರೆ ಕೇಳಿ. ಗಟ್ಟಿ ತಗಡು ಸಿಗುವ ತನಕ ಕೊಯ್ಬೇಕು, ತುಕ್ಕಿನ ಮೇಲೆಯೇ ಹೊಸ ತಗಡು ಹೊದೆಸುದಲ್ಲ. ಹೊಸ ತಗಡು ಮೊದಲಿದ್ದದ್ದಕ್ಕಿಂತ ತೆಳ್ಳಗೆ ಇರಬಾರದು. ಗ್ಯಾಸ್ ವೆಲ್ಡಿಂಗ್ ಬೇಡ, ಅದರ ಬಿಸಿಗೆ ಸುತ್ತಮುತ್ತ ಒಳಗಿನ ಪೇಂಟೆಲ್ಲ ಸುಟ್ಟು ಮುಂದಿನ ವರ್ಷ ಅಲ್ಲಿಂದ ಶುರು. ಸಿಒ2 ವೆಲ್ಡಿಂಗ್ (ಬೆಂಕಿಯಲ್ಲಲ್ಲ, ಕರೆಂಟಿನಲ್ಲಿ ಮಾಡುದು), ಚುಕ್ಕಿ ಚುಕ್ಕಿ ಇಟ್ಟು, ತಣಿಯಲು ಬಿಟ್ಟು ಮಾಡ್ಬೇಕು. ಬ್ಯಾಟರಿ ಕಳಚಿ, ಕಾರ್ಪೆಟ್ ತೆಗೆದು, ವೈರಿಂಗ್ ಸರಿಸಿ. ಪೆಟ್ರೋಲ್ ಪೈಪ್ ಯಾವ ಬದಿ ಹೋಗ್ತದೆ ಅಂತ ಮೊದಲೇ ನೋಡ್ಲಿ. ಕೊನೆಗೆ ಒಳಗೆ ಎಣ್ಣೆ ಅಥವಾ ವ್ಯಾಕ್ಸ್ ಸ್ಪ್ರೇ. ಇದೊಂದು ತಪ್ಪಿಸಿದ್ರೆ ಉಳಿದ ಎಲ್ಲ ಕೆಲಸ ವೇಸ್ಟ್, ಯಾಕಂದ್ರೆ ವೆಲ್ಡಿಂಗ್ ಆದ ಜಾಗದ ಒಳಮೈ ಬತ್ತಲೆ ಇರ್ತದೆ.

ಚೇತಕ್_ನೆನಪು | ಏಪ್ರಿಲ್ 27

ಅಣ್ಣ ಹೇಳಿದ ಡಬ್ಬದ ಮಾತಿಗೆ ನಮ್ಮ ಮನೆಯ ಚೇತಕ್ ಸ್ಕೂಟರ್ ನೆನಪಾಯ್ತು. ಕಾಲಿಡುವ ಜಾಗದಲ್ಲಿ ರಬ್ಬರ್ ಮ್ಯಾಟ್ ಹಾಸಿದ್ದು ತಂದೆ, ಪೇಂಟ್ ಗೀರಬಾರದು ಅಂತ. ನಾಲ್ಕು ಮಳೆಗಾಲ ಯಾರೂ ಅದನ್ನು ಎತ್ತಲಿಲ್ಲ. ಐದನೇ ವರ್ಷ ಬ್ರೇಕ್ ಒತ್ತುವಾಗ ಚಪ್ಪಲಿ ಸಮೇತ ಹಿಮ್ಮಡಿ ಕೆಳಗೆ ಹೋಯ್ತು. ಮ್ಯಾಟ್ ಎತ್ತಿದ್ರೆ ರಸ್ತೆ ಕಾಣ್ತಿತ್ತು.

ಮಲ್ಪೆ_ಸ್ಪ್ಲೆಂಡರ್ | ಏಪ್ರಿಲ್ 28

ಸಮುದ್ರದ ಗಾಳಿ ಒಂದಾದ್ರೆ ಮೀನಿನ ಲಾರಿ ಇನ್ನೊಂದು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಮುಂದೆ ಲಾರಿ ಇದ್ರೆ ಐಸು ಕರಗಿದ ನೀರು ರಸ್ತೆಯುದ್ದಕ್ಕೂ ಸುರೀತಾ ಹೋಗ್ತದೆ. ಉಪ್ಪು, ಮೀನಿನ ಜಿಡ್ಡು ಎರಡೂ ಸೇರಿ ಸೈಲೆನ್ಸರ್, ಸ್ಪೋಕ್ಸ್, ಚೈನ್‌ಗೆ ಬಡೀತದೆ. ಬಿಸಿ ಸೈಲೆನ್ಸರಿಗೆ ಉಪ್ಪು ನೀರು ಬಿದ್ರೆ ಕ್ರೋಮ್ ಉಳಿಯುದಿಲ್ಲ. ನಾನು ಮನೆಗೆ ಬಂದ ಕೂಡಲೇ, ಸೈಲೆನ್ಸರ್ ತಣಿದ ಮೇಲೆ, ಎರಡು ಬಕೆಟ್ ಸಿಹಿನೀರು ಬರೀ ಕೆಳಭಾಗಕ್ಕೆ ಹೊಡೀತೇನೆ. ಶಾಂಪೂ ಗೀಂಪೂ ಭಾನುವಾರಕ್ಕೆ. ಚೈನ್‌ಗೆ ಡೀಸೆಲ್‌ನಲ್ಲಿ ಬ್ರಷ್, ಒಣಗಿಸಿ 90 ನಂಬರ್ ಗೇರ್ ಆಯಿಲ್.

ರಸಾಯನ_ಮೇಡಂ | ಏಪ್ರಿಲ್ 28

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಉಪ್ಪು ಕಬ್ಬಿಣವನ್ನು ನೇರ ತಿನ್ನುವುದಕ್ಕಿಂತ ಆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವ ಹಾಗೆ ಮಾಡ್ತದೆ, ಮೇಲೆ ಕೂತ ರಕ್ಷಣೆಯ ಪದರವನ್ನೂ ಒಡೀತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುದು ನೋಡಿದ್ದೀರಲ್ಲ? ಗಾಳಿಯ ತೇವಾಂಶ ಸುಮಾರು 75% ದಾಟಿದ್ರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಹೆಚ್ಚು ಕಡಿಮೆ ದಿನವಿಡೀ ಅದಕ್ಕಿಂತ ಮೇಲೆಯೇ. ಅಂದ್ರೆ ಮಳೆ ನಿಂತ ದಿನ, ಶೆಡ್ಡಿನಲ್ಲಿ ನಿಂತ ಕಾರಿನ ಮೇಲೂ ಉಪ್ಪು ಇದ್ದ ಜಾಗ ಒದ್ದೆಯೇ. ಬಳ್ಳಾರಿಯವರ ಕಾರಿಗೆ ತುಕ್ಕು ಇಲ್ಲದ್ದರಲ್ಲಿ ಅವರ ಸಾಧನೆ ಏನೂ ಇಲ್ಲ, ಒಣ ಹವೆಯ ಉಪಕಾರ.

ಸಂದಿಯಲ್ಲಿ ಯಾಕೆ ಜಾಸ್ತಿ? ಮಣ್ಣು ಮುಚ್ಚಿದ ಕಡೆ ಆಮ್ಲಜನಕ ಕಡಿಮೆ, ಪಕ್ಕದ ತೆರೆದ ಕಡೆ ಜಾಸ್ತಿ. ಈ ವ್ಯತ್ಯಾಸವೇ ಒಂದು ಪುಟ್ಟ ಬ್ಯಾಟರಿ ಆಗ್ತದೆ, ಕರಗುವುದು ಮಾತ್ರ ಮುಚ್ಚಿದ ಕಡೆಯ ಕಬ್ಬಿಣ. ಆಮೇಲೆ ಹುಟ್ಟುವ ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಳ್ತದೆ. ಪೇಂಟ್ ಉಬ್ಬುವುದು ಅದಕ್ಕೇ.

ತೀರ್ಥಹಳ್ಳಿ_ತೋಟ | ಏಪ್ರಿಲ್ 29

ಇಷ್ಟೆಲ್ಲ ಯಾಕೆ? ನಮ್ಮಜ್ಜನ ಕಾಲದಿಂದ ಜೀಪಿಗೆ ಮೇ ತಿಂಗಳಲ್ಲಿ ಸುಟ್ಟ ಎಂಜಿನ್ ಆಯಿಲ್‌ಗೆ ಸ್ವಲ್ಪ ಡೀಸೆಲ್ ಬೆರೆಸಿ ಕೆಳಗೆಲ್ಲ ಸ್ಪ್ರೇ ಹೊಡೆಯೋದು. ಮೇಲೆ ಧೂಳು ಕೂತು ಒಂದು ಪದರ ಆಗುತ್ತೆ. ನಮ್ಮ ಮಳೆ ನಿಮಗೆ ಗೊತ್ತಲ್ಲ, ಆಗುಂಬೆ ಪಕ್ಕದಲ್ಲೇ ಇದೆ. ಜೀಪು ಇನ್ನೂ ಅಡಿಕೆ ಹೊರುತ್ತಿದೆ.

ಟಿಂಕರಿಂಗ್_28ವರ್ಷ | ಏಪ್ರಿಲ್ 29

ಜೀಪಿಗೆ ದಪ್ಪ ಚಾಸಿ, ಅದು ತಡೀತದೆ. ಕಾರಿಗೆ ಆ ಎಣ್ಣೆ ಹೊಡೆದ್ರೆ ಸಸ್ಪೆನ್ಶನ್ ಬುಷ್, ಬೂಟು, ಬಾಗಿಲ ಬೀಡಿಂಗ್ ಅಂತ ಇರುವ ರಬ್ಬರ್ ಸಾಮಾನೆಲ್ಲ ಉಬ್ಬಿ ಮೆತ್ತಗಾಗ್ತದೆ. ಡಿಸ್ಕಿಗೆ ಬಿದ್ರೆ ಬ್ರೇಕ್ ಹಿಡಿಯುದಿಲ್ಲ. ಸೈಲೆನ್ಸರ್ ಮೇಲೆ ಬಿದ್ರೆ ಹೊಗೆ.

ರಸಾಯನ_ಮೇಡಂ | ಏಪ್ರಿಲ್ 29

ಮತ್ತೆ ಬಾವಿ. ಸುಟ್ಟ ಎಣ್ಣೆಯಲ್ಲಿ ಎಂಜಿನ್ ಸವೆದ ಲೋಹದ ಕಣ, ಆಮ್ಲ ಎಲ್ಲ ಇರ್ತದೆ. ಮೊದಲ ಮಳೆಗೆ ತೊಳೆದು ಅಂಗಳಕ್ಕೆ, ಅಲ್ಲಿಂದ ಬಾವಿಗೆ. ಆಮ್ಲ ಇರುವ ಎಣ್ಣೆಯನ್ನು ತುಕ್ಕು ತಡೆಯಲು ಹಚ್ಚುವುದೂ ವಿಚಿತ್ರವೇ. ಎಣ್ಣೆಯೇ ಬೇಕಾದ್ರೆ ಹೊಸದು ತನ್ನಿ, ಬ್ರಷ್‌ನಲ್ಲಿ ಬೇಕಾದ ಕಡೆ ಮಾತ್ರ ಹಚ್ಚಿ.

ತೀರ್ಥಹಳ್ಳಿ_ತೋಟ | ಏಪ್ರಿಲ್ 30

ಬಾವಿ ವಿಷಯಕ್ಕೆ ಒಪ್ಪಿದೆ ಮೇಡಂ, ಜೀಪು ನಿಲ್ಲೋದೇ ಬಾವಿಕಟ್ಟೆ ಪಕ್ಕ. ಒಂದು ಪ್ರಶ್ನೆ. ತುಕ್ಕನ್ನೇ ಕಪ್ಪು ಮಾಡಿ ನಿಲ್ಲಿಸೋ ಕನ್ವರ್ಟರ್ ಅಂತ ಬಾಟಲಿ ಬರುತ್ತಲ್ಲ, ಅದು ನಿಜವಾ, ಬರೀ ಬಣ್ಣವಾ?

ರಸಾಯನ_ಮೇಡಂ | ಏಪ್ರಿಲ್ 30

ನಿಜವೇ, ಮಿತಿ ಉಂಟು. ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುದು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಹಿಂದೆ ಅಳಲೆಕಾಯಿಯಿಂದ ಶಾಯಿ ಮಾಡ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಕನ್ವರ್ಟರ್ ಬಾಟಲಿಯಲ್ಲಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರ್ತದೆ, ಹೆಚ್ಚಿನದ್ದರಲ್ಲಿ ಮೇಲೆ ಪದರ ಕಟ್ಟುವ ಅಂಟೂ ಇರ್ತದೆ. ಹಾಗಂತ ಚೊಗರು ತಂದು ಜೀಪಿಗೆ ಬಳೀಬೇಡಿ, ಅದರಲ್ಲಿ ಅಂಟು ಇಲ್ಲ.

ಉದುರುವ ತುಕ್ಕಿನ ಮೇಲೆ ಕನ್ವರ್ಟರ್ ಹಚ್ಚಿ ಪ್ರಯೋಜನ ಇಲ್ಲ. ವೈರ್ ಬ್ರಷ್‌ನಲ್ಲಿ ಸಡಿಲ ಪುಡಿ ತೆಗೆದು, ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿಸಿ ಹಚ್ಚಬೇಕು. ಉಪ್ಪು ಒಳಗೆ ಉಳಿದ್ರೆ ಕಪ್ಪಿನ ಅಡಿಯಲ್ಲಿ ಪುನಃ ಕೆಂಪು. ಮೇಲೆ ಪ್ರೈಮರ್, ಪೇಂಟ್ ಬೇಕೇ ಬೇಕು. ತೂತಾದ ಕಡೆ ಇದೂ ನಡೆಯುದಿಲ್ಲ, ಅಲ್ಲಿ ಬದಲಿಸಲು ಕಬ್ಬಿಣವೇ ಉಳಿದಿಲ್ಲ.

ಬೋಲ್ಟು, ಬ್ರಾಕೆಟ್ ಥರದ ಸಣ್ಣ ಸಾಮಾನಿಗೆ ಹಿತ್ತಲಿನ ಬಿಂಬುಳಿ (ಬಿಲಿಂಬಿ ಹುಳಿಕಾಯಿ) ಸಾಕು. ನಾಲ್ಕೈದು ಕಾಯಿ ಜಜ್ಜಿ ರಸದಲ್ಲಿ ರಾತ್ರಿಯಿಡೀ ಮುಳುಗಿಸಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸ್ತದೆ. ಬೆಳಿಗ್ಗೆ ಸೋಡಾ ಪುಡಿ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಒರೆಸಿ. ಅರ್ಧ ಗಂಟೆ ಬಿಟ್ರೆ ಕಣ್ಣೆದುರಿಗೇ ಕಂದು ತಿರುಗ್ತದೆ.

ಬುಲೆಟ್_ಸಾಗರ | ಮೇ 1

ಆ ಕಂದು ತಿರುಗೋದನ್ನ ನಾನು ಟ್ಯಾಂಕಿನಲ್ಲಿ ನೋಡಿದೀನಿ. ಬುಲೆಟ್ ಎಂಟು ತಿಂಗಳು ಅರ್ಧ ಟ್ಯಾಂಕ್ ಪೆಟ್ರೋಲಲ್ಲಿ ನಿಂತಿತ್ತು. ಕಾರ್ಬ್ಯುರೇಟರ್ ಬಿಚ್ಚಿದ್ರೆ ತಳದಲ್ಲಿ ಕೆಂಪು ಕೆಸರು. ಟ್ಯಾಂಕ್ ಕಳಚಿ, ಪೆಟ್ರೋಲ್ ಪೂರ್ತಿ ತೆಗೆದು, ಸೋಪಿನ ನೀರಲ್ಲಿ ವಾಸನೆ ಹೋಗೋವರೆಗೂ ತೊಳೆದೆ. ಬಿಸಿ ನೀರಿಗೆ ಲೀಟರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ, ಜೊತೆಗೆ ಒಂದು ಹಿಡಿ ನಟ್ಟು ಹಾಕಿ ಅಲ್ಲಾಡಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಒಳಗೆ ಟಾರ್ಚ್ ಹಾಕಿದ್ರೆ ಬೆಳ್ಳಗೆ ಹೊಳೀತಿತ್ತು. ಸೋಡಾ ನೀರಲ್ಲಿ ತೊಳೆದು ಕಾಫಿ ಕುಡ್ಕೊಂಡು ಬರೋಣ ಅಂತ ಹೋದೆ. ವಾಪಸ್ ಬಂದಾಗ ಒಳಗಡೆ ಹಳದಿ ಧೂಳಿನಂಥ ತುಕ್ಕು! ಮತ್ತೆ ಮೊದಲಿಂದ. ಎರಡನೇ ಸಲ ಒಣಗಿಸಿದ ತಕ್ಷಣ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲಾ ಕಡೆ ಉರುಳಿಸಿದೆ.

ಈಗಿನ ಪೆಟ್ರೋಲಲ್ಲಿ ಎಥನಾಲ್ ಜಾಸ್ತಿ, ಅದು ನೀರು ಹೀರುತ್ತೆ, ಜಾಸ್ತಿ ಆದ್ರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತೆ. ಗಾಡಿ ನಿಲ್ಲಿಸೋದಿದ್ರೆ ಟ್ಯಾಂಕ್ ತುಂಬಿಸಿ ನಿಲ್ಸಿ, ಒಳಗೆ ಗಾಳಿಗೆ ಜಾಗ ಇರಬಾರದು. ತೂತಾದ ಟ್ಯಾಂಕನ್ನ ರಸ್ತೆ ಬದಿ ವೆಲ್ಡಿಂಗ್‌ಗೆ ಕೊಡ್ಬೇಡಿ, ಖಾಲಿ ಟ್ಯಾಂಕಿನ ಆವಿನೇ ಸಿಡಿಯೋದು.

ಗ್ಯಾರೇಜ್_ಹವ್ಯಾಸಿ | ಮೇ 1

ಬ್ಯಾಟರಿ ಚಾರ್ಜರ್ ಇದ್ರೆ ಇನ್ನೂ ಸುಲಭ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ವಾಷಿಂಗ್ ಸೋಡಾ ನೀರು, ತುಕ್ಕಿನ ಸಾಮಾನಿಗೆ ನೆಗೆಟಿವ್, ಹಳೆ ಕಬ್ಬಿಣದ ಪಟ್ಟಿಗೆ ಪಾಸಿಟಿವ್, ಎರಡೂ ಒಂದಕ್ಕೊಂದು ತಾಗಬಾರದು. ಸ್ಟೀಲ್ ಚಮಚ ಹಾಕ್ತೀನಿ ಅಂದ್ರೆ ಬೇಡ, ಅದರ ಕ್ರೋಮಿಯಂ ನೀರಿಗೆ ಇಳಿದು ವಿಷ ಆಗುತ್ತೆ. ಹೈಡ್ರೋಜನ್ ಬರುತ್ತೆ, ಅಂಗಳದಲ್ಲಿ ಮಾಡಿ, ಹತ್ರ ಬೀಡಿ ಸೇದೋರನ್ನ ಬಿಡ್ಬೇಡಿ.

ಒಂಟಾರಿಯೊ_ಕನ್ನಡಿಗ | ಮೇ 2

ಇಲ್ಲಿ ಸಮುದ್ರ ಬೇಕಿಲ್ಲ, ಚಳಿಗಾಲದಲ್ಲಿ ಹಿಮ ಕರಗಿಸಲು ಸರ್ಕಾರವೇ ರಸ್ತೆಗೆ ಉಪ್ಪು ಸುರಿಯುತ್ತೆ. ಹತ್ತು ವರ್ಷದ ಕಾರಿನ ಚಕ್ರದ ಮೇಲಿನ ಅಂಚು ಇಲಿ ಕಡಿದ ಹಾಗಿರುತ್ತೆ. ನಾನು ಮೊದಲು ಮಾಡಿದ ತಪ್ಪು, ಹೊಸ ಕಾರಿಗೆ ದಪ್ಪ ರಬ್ಬರ್ ಕೋಟಿಂಗ್ ಹೊಡೆಸಿದ್ದು. ಅದು ಎಲ್ಲೋ ಒಂದು ಕಡೆ ಬಿರುಕು ಬಿಟ್ಟು ಉಪ್ಪುನೀರನ್ನು ಒಳಗೆ ಹಿಡಿದಿಟ್ಟುಕೊಂಡಿತು. ಮೇಲಿಂದ ನೋಡಿದ್ರೆ ಕಪ್ಪಗೆ ಚೆಂದ, ಕೆರೆದ್ರೆ ಪದರ ಪದರ ತುಕ್ಕು. ಈಗ ಪ್ರತಿ ಅಕ್ಟೋಬರ್‌ನಲ್ಲಿ ತೆಳು ಎಣ್ಣೆ ಸ್ಪ್ರೇ. ಬಾಗಿಲ ಒಳಗೆ, ಫುಟ್‌ಬೋರ್ಡ್ ಒಳಗೆ ಎಲ್ಲಾ ಕಡೆ ಹೋಗುತ್ತೆ. ಎರಡು ದಿನ ಮನೆಮುಂದೆ ಹನಿಯುತ್ತೆ, ಹೆಂಡತಿ ಬೈತಾಳೆ, ಆದ್ರೆ ಒಂಬತ್ತು ಚಳಿಗಾಲ ದಾಟಿದೆ. ಇನ್ನೊಂದು ತಮಾಷೆ: ಬೆಚ್ಚಗಿನ ಗ್ಯಾರೇಜಿನಲ್ಲಿಟ್ಟ ಕಾರು ಹೊರಗೆ ಹೆಪ್ಪುಗಟ್ಟಿ ನಿಂತ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತೆ.

ಮಲ್ಪೆ_ಸ್ಪ್ಲೆಂಡರ್ | ಮೇ 2

ಹಾಗಾದ್ರೆ ಮಳೆಗಾಲದಲ್ಲಿ ಕಾರಿಗೆ ಕವರ್ ಹಾಕುದು?

ಟಿಂಕರಿಂಗ್_28ವರ್ಷ | ಮೇ 2

ಒದ್ದೆ ಕಾರಿಗೆ ಪ್ಲಾಸ್ಟಿಕ್ ಕವರ್ ಹಾಕಿದ್ರೆ ಇಡ್ಲಿ ಬೇಯಿಸಿದ ಹಾಗೆ. ನಾಲ್ಕು ಕಂಬ ಹಾಕಿ ಶೀಟ್ ಇಳಿಸಿ, ಸುತ್ತ ಗಾಳಿ ಆಡ್ಲಿ. ಶೋರೂಮಿನಲ್ಲಿ ಟೆಫ್ಲಾನ್, ಸೆರಾಮಿಕ್ ಅಂತ ಮಾರುದಕ್ಕೂ ಈ ತುಕ್ಕಿಗೂ ಸಂಬಂಧ ಇಲ್ಲ. ಅದು ಪೇಂಟಿನ ಹೊಳಪಿಗೆ. ನಮ್ಮ ರೋಗ ಕೆಳಗೆ, ಒಳಗೆ. ಕಲ್ಲು ಬಡಿದು ಪೇಂಟ್ ಹಾರಿದ್ರೆ ಮಾತ್ರ ಆ ದಿನವೇ ಟಚ್‌ಅಪ್ ಹಚ್ಚಿ, ಸಿಗದಿದ್ರೆ ಮನೆಯವರ ಬಣ್ಣ ಇಲ್ಲದ ನೇಲ್ ಪಾಲಿಶ್ ಆದ್ರೂ ಆದೀತು.

ಮರವಂತೆಯವರೇ, ಮಾಡಿಸುದಾದ್ರೆ ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಮೊದಲು ಮಾಡಿಸಿ. ಮಳೆ ಹಿಡಿದ ಮೇಲೆ ಒಳಗೆ ಒಣಗುದಿಲ್ಲ, ಪ್ರೈಮರ್ ಹಿಡಿಯುದಿಲ್ಲ.

ಮರವಂತೆ_ಗಾಳಿ | ಮೇ 19

ಮಾಡಿಸಿದೆ. ಕೊಯ್ಯುವಾಗ ಪಕ್ಕದಲ್ಲೇ ನಿಂತಿದ್ದೆ. ಡ್ರೈವರ್ ಬದಿ ಹೊರಗೆ ಕಂಡ ತೂತು ಎರಡಿಂಚು, ಕೊಯ್ದು ತೆಗೆದ ತಗಡು ಒಂದೂವರೆ ಅಡಿ. ಜಾಕ್ ಪಾಯಿಂಟಿನ ಒಳಪದರ ಬೆರಳಲ್ಲಿ ತಿಕ್ಕಿದ್ರೆ ಚಾ ಪುಡಿಯ ಹಾಗೆ ಉದುರಿತು. ಎಡ ಬದಿ ಟಣ್ ಅಂತ ಬಂತು, ಹಾಗಾಗಿ ಅದನ್ನು ಕೊಯ್ಯಲಿಲ್ಲ, ತೊಳೆದು ಒಣಗಿಸಿ ಒಳಗೆ ವ್ಯಾಕ್ಸ್ ಮಾತ್ರ. ಲೆಕ್ಕ 9,800ಕ್ಕೆ ಮುಗೀತು. ಬಾಗಿಲುಗಳ ಅಡಿಯ ತೂತು ಕೂಡ ಮುಚ್ಚಿತ್ತು. ಅಪ್ಪ ಹಿಡಿಸೂಡಿ (ಪೊರಕೆ) ಕಡ್ಡಿ ತಂದು ಒಂದೊಂದಾಗಿ ಚುಚ್ಚಿದ್ರು. ಹಿಂದಿನ ಎಡ ಬಾಗಿಲಿನಿಂದ ಒಂದು ಲೋಟ ಕೆಂಪು ನೀರು ಸುರೀತು, ಮಳೆ ಬಂದು ವಾರ ಆಗಿತ್ತು.

ಬಳ್ಳಾರಿ_ಬಿಸಿಲು | ಮೇ 19

ಈಗ ಮಾರೂದಾದ್ರ ಹೇಳ್ರಿ, ನಾನ ಬಂದು ಕೆಳಗ ಮಲಕೋತೀನಿ.

ಮರವಂತೆ_ಗಾಳಿ | ಜುಲೈ 30

ಆಟಿ ತಿಂಗಳ ಮಳೆ ಜೋರು ಉಂಟು. ಪ್ರತಿ ಭಾನುವಾರ ಅಪ್ಪ ಕಡ್ಡಿ ಹಿಡಿದು ಕಾರಿನ ಸುತ್ತ ಒಂದು ರೌಂಡ್ ಹಾಕ್ತಾರೆ, ಫುಟ್‌ಬೋರ್ಡ್ ಅಡಿಯಿಂದ ನೀರು ಹನಿಯುದು ನೋಡಿ ಸಮಾಧಾನ ಅವರಿಗೆ. ನಿನ್ನೆ ಪಂಕ್ಚರ್ ಆಗಿ ಸ್ಟೆಪ್ನಿ ತೆಗೆದ್ರೆ ಅದರ ಗುಂಡಿಯಲ್ಲಿ ಎರಡಿಂಚು ನೀರು ನಿಂತಿತ್ತು. ಡಿಕ್ಕಿಯ ಬೀಡಿಂಗ್ ಸರಿ ಉಂಟು. ಎಲ್ಲಿಂದ ಬರುದು ಇದು?

ಟಿಂಕರಿಂಗ್_28ವರ್ಷ | ಜುಲೈ 31

ಗುಂಡಿಯ ತಳದ ರಬ್ಬರ್ ಬೂಚು ತೆಗೆದು ಮೊದಲು ನೀರು ಬಿಡಿ, ಒಣಗಿಸಿ. ಆಮೇಲೆ ಒಬ್ಬರು ಡಿಕ್ಕಿ ಒಳಗೆ ಟಾರ್ಚ್ ಹಿಡಿದು ಕೂತ್ಕೊಳ್ಳಿ, ಹೊರಗಿಂದ ಇನ್ನೊಬ್ರು ಹಿಂದಿನ ಲೈಟಿನ ಮೇಲೆ ಪೈಪಲ್ಲಿ ನೀರು ಬಿಡ್ಲಿ. ಹೆಚ್ಚಾಗಿ ಲೈಟಿನ ಹಿಂದಿನ ಗ್ಯಾಸ್ಕೆಟ್ ಒಣಗಿ ಸಂದು ಬಿಟ್ಟಿರ್ತದೆ. ಅಲ್ಲಿಂದ ಅಲ್ಲ ಅಂದ್ರೆ ಫೋಟೋ ಹಾಕಿ.